ಇರುವುದೊಬ್ಬರೇ ಭಾವ

ಅಕ್ಕಾ,

ಹೇಗಿದ್ದೀಯೆಂದು ಸತ್ತವಳನ್ನು ಕೇಳುವ ಪೆದ್ದಿ ನಾನೊಬ್ಬಳೇ ಇರಬೇಕು. ಹೋಗುವವಳು ಹೋದೆ, ಸರಿ. ನಿನ್ನ ಅಡುಗೆಮನೆ, ನಿನ್ನ ಮಗಳು, ಅವಳ ಹೋಮ್‌ವರ್ಕು ಎಲ್ಲವನ್ನೂ ನನ್ನ ತಲೆಗೆ ಕಟ್ಟಿ ಹೋದೆಯಲ್ಲ, ಮಹಾತಾಯಿ! ಅದಕ್ಕೂ ನಾನು ಗೊಣಗಲಿಲ್ಲ. ಸಾಲದ್ದಕ್ಕೆ ನಿನ್ನ ಗಂಡನನ್ನೂ ಕಟ್ಟಲು ಹೊರಟರು ನೋಡು, ಆಗ ಗಂಟಲು ಹಿಡಿದುಕೊಂಡಿತು.

ಅಮ್ಮ ಊಟದ ಮೇಜಿನಲ್ಲೇ ಮಾತು ತೆಗೆದಳು. "ಮಗೂಗೆ ತಾಯಿ ಬೇಕಲ್ಲೇ. ಹೊರಗಿಂದ ಯಾವಳೋ ಬಂದು ನಿನ್ನ ಥರ ನೋಡ್ಕೊಳ್ತಾಳಾ? ಹೇಗೂ ನೀನಿಲ್ಲೇ ಇದ್ದೀಯ." ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು "ಪರವಾಗಿಲ್ಲ" ಅಂದೆ. ಅಂದೆನೋ ಇಲ್ಲವೋ, ಬಾಯಲ್ಲಿದ್ದ ತುತ್ತು ಕೆಳಗಿಳಿಯಲಿಲ್ಲ. ಅಂದಿನಿಂದ ನೀರನ್ನೂ ಹೆದರಿ ಹೆದರಿ ನುಂಗುವುದಾಯಿತು. ನಾನು ಕೆಲಸ ಮಾಡುವ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಿನ ಅಂಚು ಉಜ್ಜುತ್ತ ಕೂತಾಗಲೂ ಯಾರೋ ಕತ್ತು ಅಮುಕಿದಂತೆ. ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, "ಏನೂ ಇಲ್ಲಮ್ಮ, ಎಲ್ಲ ಸರಿಯಾಗಿದೆ" ಎಂದರು. ಮದುವೆ ರಿಜಿಸ್ಟರ್ ಮಾಡಿಸುವುದನ್ನು ಮಾತ್ರ ಮನೆಯವರು ನಾನು ಗುಣವಾಗುವ ತನಕ ಮುಂದೂಡಿದರು.

ಆ ಡಾಕ್ಟರೇ ನನ್ನನ್ನು ಒಬ್ಬ ಆಪ್ತಸಲಹೆಗಾರ್ತಿಯ ಹತ್ತಿರ ಕಳಿಸಿದರು. ಆಕೆ ನನ್ನ ಕತ್ತಿಗೆ, ಭುಜಕ್ಕೆ ಅಂಟುಪಟ್ಟಿ ಹಚ್ಚಿ ತಂತಿ ಸಿಕ್ಕಿಸಿದರು. ಎದುರಿನ ಪರದೆಯ ಮೇಲೊಂದು ಹಸಿರು ಗೆರೆ. ಸ್ನಾಯು ಬಿಗಿದರೆ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. "ಇದು ಸುಳ್ಳು ಹಿಡಿಯೋ ಯಂತ್ರ ಅಲ್ಲಮ್ಮ. ಮೈ ಏನು ಮಾಡ್ತಿದೆ ಅಂತ ನಿಮಗೇ ತೋರಿಸುತ್ತೆ, ಅಷ್ಟೆ. ನೀವು ಮಾತಾಡ್ತಾ ಇರಿ" ಎಂದರು. ನಿನ್ನ ಸಾವಿನ ಬಗ್ಗೆ ಹೇಳುತ್ತ ಅತ್ತುಬಿಟ್ಟೆ. ಗೆರೆ ಏರಿ ತಾನೇ ಇಳಿಯಿತು. ಮದುವೆಯ ವಿಷಯಕ್ಕೆ ಬಂದು "ಪರವಾಗಿಲ್ಲ" ಅಂದದ್ದೇ ತಡ, ಏರಿದ್ದು ಇಳಿಯಲೇ ಇಲ್ಲ.

ಆಕೆಯದು ಸ್ವಲ್ಪ ಪುಸ್ತಕದ ಭಾಷೆ. "ಈಗ ನಿಮ್ಮೊಳಗೆ ಯಾವ ಭಾವ ಇದೆ?" ಎಂದು ಕೇಳಿದರು. ನನ್ನ ತಲೆ ಎಲ್ಲಿತ್ತೋ ಏನೋ! "ಇರೋದೊಬ್ಬರೇ ಭಾವ ಮೇಡಂ. ಒಳಗಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ" ಅಂದುಬಿಟ್ಟೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು ಕಣೇ. ಗೆರೆ ಸರ್ರನೆ ಇಳಿಯಿತು. ನಗು ನಿಂತ ಮೇಲೆ ಆಕೆ ಮೆಲ್ಲಗೆ, "ಅವರನ್ನ ಗಂಡ ಅಂತ ಒಂದ್ಸಲ ಹೇಳಿ ನೋಡಿ" ಎಂದರು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ, ಗೆರೆ ಮಾತ್ರ ಮೇಲಕ್ಕೆ ಹೋಯಿತು. ಭಾವ ಒಳ್ಳೆಯವರೇ. ಒಳ್ಳೆಯವರೆಂಬುದೇ ಬಿಡಿಸಿಕೊಳ್ಳಲಾಗದ ಗಂಟು. ಕೆಟ್ಟವರಾಗಿದ್ದರೆ ಬೈದು ಹೊರಡುತ್ತಿದ್ದೆ.

ಉಸಿರನ್ನು ನಿಧಾನವಾಗಿ ಬಿಡುವುದು, ಗೆರೆ ನೋಡುತ್ತ ಭುಜ ಇಳಿಸುವುದು, ಬಿಗಿಯುವ ಮಾತನ್ನು ಅಲ್ಲೇ ಆಡಿ ಹೊರಹಾಕುವುದು, ಎಲ್ಲ ಕಲಿತೆ. ತುತ್ತು ಇಳಿಯತೊಡಗಿತು. ಒಂದು ದಿನ ತಟ್ಟೆ ಪೂರ್ತಿ ಖಾಲಿ ಮಾಡಿದೆ. ಅಮ್ಮ ಕಣ್ಣೊರೆಸಿಕೊಂಡು, "ಅಬ್ಬಾ, ಗುಣವಾಯ್ತು! ಇನ್ನೇನು ತಡ?" ಎಂದಳು. ಸೋಮವಾರವೇ ರಿಜಿಸ್ಟರ್ ಎಂದು ನಿಶ್ಚಯವಾಯಿತು. ಇಷ್ಟು ದಿನ ಮದುವೆ ತಡೆದಿದ್ದು ಆ ಹಾಳು ಗಂಟಲೇ, ಅಕ್ಕಾ. ಅದನ್ನು ನಾನೇ ವಾಸಿ ಮಾಡಿಕೊಂಡು ಕೂತಿದ್ದೆ.

ಇವತ್ತು ಬೆಳಿಗ್ಗೆ ಹೇಳಿದೆ. "ಭಾವ, ನನಗೆ ಈ ಮದುವೆ ಬೇಡ." ಅಮ್ಮ ಎದ್ದು ಒಳಗೆ ಹೋದಳು. ಭಾವ ಚಮಚ ಕೆಳಗಿಟ್ಟರು. ಸಿಟ್ಟಿಲ್ಲ, ಕೂಗಾಟವಿಲ್ಲ. "ಸರಿ. ಆದ್ರೆ ಇಷ್ಟೆಲ್ಲ ಆದ್ಮೇಲೆ ನೀನಿಲ್ಲಿರೋದು ಚೆನ್ನಾಗಿರಲ್ಲ. ಮಗೂನ ನಮ್ಮಕ್ಕನ ಮನೇಲಿ ಬಿಡ್ತೀನಿ" ಎಂದರು. ನಾನು ನೆನೆಸಿಕೊಂಡು ಹೆದರಿದ್ದು ಇದನ್ನೇ. ನಿನ್ನ ಮಗಳಿಲ್ಲದ ಮನೆಯಲ್ಲಿ ನಾನು ಯಾರ ಚಿಕ್ಕಿ ಹೇಳು?

ಸಂಜೆ ಅವಳು ಶಾಲೆಯಿಂದ ಬರುತ್ತಾಳೆ. ನಾನೇ ಹೇಳುತ್ತೇನೆಂದು ಭಾವನಿಂದ ಒಪ್ಪಿಗೆ ತೆಗೆದುಕೊಂಡಿದ್ದೇನೆ. ಇದನ್ನು ಬರೆಯುವಾಗಲೂ ಗಂಟಲು ಕಟ್ಟಿದೆ. ಹೆದರಬೇಡ, ಇದು ಆ ಕಾಯಿಲೆಯಲ್ಲ. ಬರೀ ಅಳು.

ನೀನಿರುವಲ್ಲಿ ನೆಮ್ಮದಿಯಾಗಿ ಮಲಗಿರು. ಸಾಧ್ಯವಾದರೆ ಸಂಜೆ ಒಂದು ಗಳಿಗೆ ಎದ್ದು ಬಂದು, ನಿನ್ನ ಮಗಳ ತಲೆಯ ಮೇಲೆ ಕೈಯಿಡು.

ಬೇಡ ಎಂದು ಹೇಳಿ ಬಂದ
ನಿನ್ನ ತಂಗಿ