ಕಾಗೆ ಗುರುತು ಹಿಡಿದದ್ದು

ಸಾಂಕೋಲೆ, ಗೋವಾ
12 ಡಿಸೆಂಬರ್ 2010, ರವಿವಾರ

ಚಿ. ಶ್ರೀರಂಜನಿಗೆ ನಿನ್ನ ಅಪ್ಪನ ಆಶೀರ್ವಾದ.

ನಿನ್ನೆ ಫೋನು ನಡುವೆಯೇ ಇಟ್ಟವ ನಾನೇ. ಲೈನು ಕಟ್ಟಾಗಿರಲಿಲ್ಲ. ಧಾರವಾಡದಿಂದ ಒಬ್ಬ ವರನ ಜಾತಕ ಬಂದಿದೆ ಅಂತ ನಾನಂದೆ. ಎಲ್ಲಿ ಅಂತೀರಿ ಅಲ್ಲಿ ಆಗತೇನಿ ಅಪ್ಪಾ, ಕಾಗಿ ಮುಂದ ಮಾತು ಕೊಟ್ಟಾಕಿ ನಾ, ಅಂತ ನೀನು ನಕ್ಕೆ. ಆ ನಗುವಿಗೆ ನನ್ನ ಹತ್ತಿರ ಉತ್ತರ ಇತ್ತು, ಬಾಯಿಗೆ ಬರಲಿಲ್ಲ. ಬರೆದರಾದರೂ ಬರುತ್ತದೇನೋ.

ಎರಡೂವರೆ ವರ್ಷದ ಹಿಂದೆ, ನಿಮ್ಮವ್ವನ ಹತ್ತನೆಯ ದಿನ, ಹಿತ್ತಿಲ ಬಂಡೆಯ ಮೇಲೆ ಪಿಂಡ ಇಟ್ಟೆವು. ಮಾವಿನ ಮರದ ತುಂಬ ಕಾಗೆ. ಒದರುತ್ತವೆ, ಒಂದೂ ಇಳಿಯುವುದಿಲ್ಲ. ಎರಡು ತಾಸಾಯಿತು. ಭಟ್ಟರು ಎರಡು ಸಲ ಗಡಿಯಾರ ನೋಡಿಕೊಂಡರು. ಆಗ ನಿಮ್ಮ ಅತ್ಯಾ, ಪದ್ಮಾನ ಜೀವ ಮಗಳ ಲಗ್ನದಾಗ ಸಿಕ್ಕೊಂಡದ, ಆ ಸಾವರ್ಡೆ ಹುಡುಗನ್ನ ಬಿಟ್ಟೆ ಅನ್ನು, ಹೆಂಗ ಬರತಾವ ನೋಡು, ಅಂದಳು. ನೀನು ಮೆಚ್ಚಿದ ಆ ಸುನಿಲ ಬೇರೆ ಜಾತಿಯವ, ಲಾರಿ ಆಫೀಸಿನ ಕಾರಕೂನ. ಅವನ ಹೆಸರು ಕೇಳಿ ನಿಮ್ಮವ್ವ ಮೊದಮೊದಲು ಊಟ ಬಿಟ್ಟಿದ್ದು ಎಲ್ಲರಿಗೂ ಗೊತ್ತು. ನೀನು ಕೈ ಮುಗಿದು, ಅವ್ವಾ, ಅವನ್ನ ಲಗ್ನ ಆಗೂದಿಲ್ಲ, ಅಂದಿ. ಅಷ್ಟರಲ್ಲೇ ಭಟ್ಟರು ನನ್ನನ್ನು ಎಳ್ಳು ತರಲಿಕ್ಕೆ ಒಳಗೆ ಕಳಿಸಿದರು. ನಾನು ಹೊಸ್ತಿಲು ದಾಟಿದೆ, ಕಾಗೆ ಪಿಂಡ ಮುಟ್ಟಿತು. ಎಲ್ಲರೂ ಕಣ್ಣೊರೆಸಿಕೊಂಡರು.

ಅವು ಇಳಿಯದೆ ಕೂತದ್ದು ನಿನ್ನ ಸಲುವಾಗಿ ಅಲ್ಲ, ರಂಜೂ. ನನ್ನ ಮುಖ ನೋಡಿ.

ಅದರ ಹಿಂದಿನ ತಿಂಗಳು ನೀನು ಬೆಳಗಾವಿಯಲ್ಲಿ ಪರೀಕ್ಷೆ ಬರೆಯುತ್ತಿದ್ದಿ. ನಿಮ್ಮವ್ವ ಕಿಟಕಿ ಪಕ್ಕದ ಮಂಚ ಹಿಡಿದಿದ್ದಳು. ಅವಳಿಗೊಂದು ಕಾಗೆ ರೂಢಿಯಾಗಿತ್ತು. ಅವಳು ಇಟ್ಟ ಕಟಕ ರೊಟ್ಟಿಯನ್ನು ನೀರಿನ ಬಟ್ಟಲಲ್ಲಿ ಅದ್ದಿ, ಮೆತ್ತಗಾದ ಮೇಲೆ ತಿನ್ನುತ್ತಿತ್ತು. ಒಣಹಾಕಿದ ಅಂಗಿಯ ಹ್ಯಾಂಗರು ಕದ್ದು, ಕಾಲಲ್ಲಿ ಒತ್ತಿ ಹಿಡಿದು, ಕೊಕ್ಕಿನಿಂದ ತಂತಿ ಬಗ್ಗಿಸಿ ಟೊಂಗೆಗೆ ಸಿಗಿಸುತ್ತಿತ್ತು, ಥೇಟ್ ನಮ್ಮ ಫ್ಯಾಕ್ಟರಿಯ ಫಿಟ್ಟರ್ ಹಾಗೆ. ನೋಡ್ರಿ ಎಷ್ಟು ಶಾಣೇ ಅದ, ಅನ್ನುತ್ತಿದ್ದಳು. ನಾನು ಬಿ.ಎಸ್ಸಿ. ಮಾಡಿದವ. ಪಕ್ಷಿಗಳಿಗೆ ಇನ್‌ಸ್ಟಿಂಕ್ಟ್ ಓನ್ಲಿ, ಇಂಟೆಲಿಜೆನ್ಸ್ ನಾಟ್ ಅಟ್ ಆಲ್, ಹೀಗೆ ಬರೆದೇ ನನಗೆ ಹತ್ತಕ್ಕೆ ಏಳು ಮಾರ್ಕು ಬಿದ್ದಿದ್ದವು, ಅಂದೆ. ಅದು ನಿಮ್ಮ ಪರೀಕ್ಷಾಕ್ಕ ಕೂತಿಲ್ಲರಿ, ಅಂದಳು.

ಒಂದು ದಿನ ಅದು ಟಿ.ವಿ.ಯ ವೈರು ಜಗ್ಗಿತು. ಕ್ರಿಕೆಟ್ ನಡೆದಿತ್ತು, ನಾಲ್ಕು ಬಾಲು ಉಳಿದಿದ್ದವು. ಬರೆಯಲಿಕ್ಕೆ ನಾಚಿಕೆಯಾಗುತ್ತದೆ, ನಾಲ್ಕು ಬಾಲಿನ ಸಲುವಾಗಿ ನಾನು ಮಾವಿನಕಾಯಿ ಹರಿಯುವ ಬಿದಿರಿನ ಗಳ ತಗೊಂಡು ಗೂಡು ಕೆಡವಿದೆ. ಮೂರು ಮರಿ. ಬಂಡೆಯ ಮೇಲೆ ಬಿದ್ದು ಬಾಯಿ ತೆರೆದೇ ಇದ್ದವು. ಮಣ್ಣು ಮುಚ್ಚಿ, ಕೈ ತೊಳೆದು, ಒಳಗೆ ಬಂದು ಚಹಾ ಮಾಡಿಕೊಂಡು ಕುಡಿದೆ. ನಿಮ್ಮವ್ವ ನಿದ್ದೆಯಲ್ಲಿದ್ದಳು.

ಅಂದಿನಿಂದ ಹಿತ್ತಿಲಿಗೆ ಕಾಲಿಟ್ಟರೆ ತಲೆಗೆ ಕುಕ್ಕುತ್ತಿದ್ದವು. ಮಳೆ ಇಲ್ಲದೆ ಕೊಡೆ ಹಿಡಿದೆ. ನಿಮ್ಮವ್ವನ ಪಕ್ಕ ನಾನೇ ಕೂತಿರುತ್ತಿದ್ದೆನಲ್ಲ, ಅವಳ ಕಾಗೆಯೂ ಕಿಟಕಿಗೆ ಬರುವುದು ಬಿಟ್ಟಿತು. ಯಾಕ ಬರವಲ್ದು, ಅಂತ ದಿನಾ ಕೇಳುತ್ತಿದ್ದಳು. ಬಾಯ್ನಾ ಸಮುದ್ರ ದಂಡ್ಯಾಗ ಮೀನು ಭಾಳ ಬಂದಾವಂತ, ಅಲ್ಲಿಗೆ ಹೋಗಿರಬೇಕು, ಅಂದೆ. ರೊಟ್ಟಿ ಇಡುವುದನ್ನು ಮಾತ್ರ ಅವಳು ಬಿಡಲಿಲ್ಲ.

ಹತ್ತನೆಯ ದಿನ ನನಗಿದು ಹೊಳೆದಿರಲಿಲ್ಲವೆ? ಹೊಳೆದಿತ್ತು. ಮರ ನೋಡಿದ ಕೂಡಲೇ ಹೊಳೆದಿತ್ತು. ಆದರೆ ಸುನಿಲ ನನಗೂ ಬೇಡಾಗಿದ್ದ, ಹೇಳುವ ಧೈರ್ಯ ಇರಲಿಲ್ಲ. ಕಾಗೆ ನನ್ನ ಕೆಲಸ ಮಾಡಿಕೊಟ್ಟಿತು. ಪ್ರಾಣಿಗಳ ಟೂಲ್ ಯೂಸ್ ಅಂತ ಕಾಲೇಜಿನಲ್ಲಿ ಒಂದು ಪಾಠ ಇತ್ತು, ಮಂಗ ಕೋಲಿನಿಂದ ಬಾಳೆಹಣ್ಣು ಎಳೆದುಕೊಳ್ಳುವುದು. ಅಂದು ಕೋಲು ಕಾಗೆ, ಮಂಗ ನಾನು.

ಹೋದ ವಾರ ಪೇಪರಿನಲ್ಲಿ ಓದಿದೆ. ಅಮೆರಿಕದಲ್ಲಿ ಯಾರೋ ಪಂಡಿತರು ಮುಖವಾಡ ಹಾಕಿಕೊಂಡು ಕಾಗೆ ಹಿಡಿದು ಬಿಟ್ಟರಂತೆ. ವರ್ಷಗಟ್ಟಲೆ ಆದ ಮೇಲೂ ಆ ಮುಖವಾಡ ಕಂಡರೆ ಕಾಗೆಗಳು ಮೈಮೇಲೆ ಬರುತ್ತವಂತೆ, ಮರಿಗಳಿಗೂ ಕಲಿಸುತ್ತವಂತೆ. ಪೇಪರು ಮಡಚಿ ಕೆಳಗಿನ ಮನೆಯ ಕೇಶಪ್ಪನ ಹತ್ತಿರ ಹೆಲ್ಮೆಟ್ ಕೇಳಿದೆ. ಯಾವ ಗಾಡಿ ತಗೊಂಡ್ರಿ ರಾಯರ, ಈ ವಯಸ್ಸಿಗೆ, ಅಂತ ನಕ್ಕ. ಹೆಲ್ಮೆಟ್ ಹಾಕಿಕೊಂಡು ಬಂಡೆಯ ಮೇಲೆ ಅನ್ನ ಇಟ್ಟೆ. ನಾನು ತಿರುಗುವುದರೊಳಗೆ ಮೂರು ಇಳಿದವು. ಹೆಲ್ಮೆಟ್ ತೆಗೆದೆ. ಮರಕ್ಕೆ ಮರವೇ ಎದ್ದಿತು.

ಹೀಗಿದೆ ಸಂಗತಿ. ನೀನು ಮಾತು ಕೊಟ್ಟದ್ದು ನಿಮ್ಮವ್ವನಿಗೆ ಅಲ್ಲ, ನಾನು ಮೋಸದಿಂದ ಇಸಿದುಕೊಂಡದ್ದು. ಅದು ನಿನಗೆ ತಾಗುವುದಿಲ್ಲ. ಆ ಜಾತಕ ನಾಳೆಯ ಟಪಾಲಿಗೆ ತಿರುಗಿ ಹೋಗುತ್ತದೆ. ಸುನಿಲನ ಲಗ್ನ ಆಗಿದೆಯೋ ಇಲ್ಲವೋ ತಿಳಿಯದು. ನೀನು ಹೂಂ ಅಂದರೆ ಸಾವರ್ಡೆಗೆ ಹೋಗಿ ನಾನೇ ಕೇಳುತ್ತೇನೆ, ಬರೀ ಮುಖದಲ್ಲಿ.

ಇನ್ನೂ ಒಂದು ಇತ್ತು ಬರೆಯುವುದು, ಅಕ್ಷರ ಸಾಲು ತಪ್ಪಾಕತ್ತಾವ. ಈಗ ತಲೆ ಎತ್ತಿ ನೋಡಿದೆ, ಸಂಜೆಯ ಬೆಳಕು ಇಳಿಯುತ್ತಿದೆ. ಕಾಗೆಗಳು ಮರದ ಸುತ್ತ ತಿರುಗುತ್ತಿವೆ, ಕೂಡುತ್ತಿಲ್ಲ. ನಾನು ಕಿಟಕಿ ಬಿಟ್ಟು ಎದ್ದರೆ ಕೂತಾವು.

ನಿನ್ನೆದುರು ಮುಖ ಎತ್ತಲಾರದ,
ಅಪ್ಪ
ಗೋಪಾಲಕೃಷ್ಣ

ತಾ.ಕ.: ಆ ಒಂದನ್ನು ಬರೆಯದೆ ಏಳಲಾರೆ. ಹೋಗುವುದಕ್ಕೆ ಒಂದು ವಾರ ಮುಂಚೆ ನಿಮ್ಮವ್ವ ಕಿಟಕಿಯ ಒಣ ರೊಟ್ಟಿ ನೋಡುತ್ತ ಹೇಳಿದಳು, ಯಾರೂ ಕಲಿಸದಽ ಆ ಕಾಗಿ ರೊಟ್ಟಿ ಮೆತ್ತಗ ಮಾಡಿಕೊಳ್ಳೂದು ಕಲೀತು, ನಾವೂ ಒಂದೀಟು ಮೆತ್ತಗಾಗೂಣ್ರಿ, ಬರೂ ರವಿವಾರ ಸುನಿಲನ್ನ ಊಟಕ್ಕ ಕರೀರಿ, ಅಂತ. ಕರೀತೇನಿ ಅಂದಿದ್ದೆ.