ಸಂಜೆಯದೇ ಇರಲಿ

ಟಿಕೆಟ್ ಸೈಟಿನ ದೂರು ವಿಭಾಗದವರಿಗೆ,

ನಮಸ್ಕಾರ. ಅಮ್ಮನ ಊರಿಗೆ ನಿಮ್ಮಲ್ಲಿ ಎರಡು ಟಿಕೆಟ್ ಬುಕ್ ಮಾಡಿದ್ದು ನನ್ನ ಅಕ್ಕ. ಆಮೇಲೆ ವಿಮಾನದವರು ಸಂಜೆಯ ನಮ್ಮ ವಿಮಾನ ರದ್ದು ಮಾಡಿ ನಸುಕಿನದಕ್ಕೆ ಹಾಕಿದರು. ಅವರನ್ನು ಕೇಳಿದರೆ "ಸೈಟಿನವರನ್ನೇ ಕೇಳಿ" ಅಂದರು. ನೀವು "ಈ ಬದಲಾವಣೆ ಒಪ್ಪಿಗೆಯೇ ಎಂದು ಮೆಸೇಜ್ ಕಳಿಸಿದ್ದೇವೆ, ಬುಕ್ ಮಾಡಿದವರೇ ಅವರ ಫೋನಿನಿಂದ ಉತ್ತರ ಕೊಡಬೇಕು" ಅಂದಿರಿ. ಬುಕ್ ಮಾಡಿದವಳು ಹೋದ ತಿಂಗಳು ತೀರಿಕೊಂಡಳೆಂದು ಎಷ್ಟು ಸಲ ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ನಿನ್ನೆ ಫೋನ್ ಮಾಡಿದಾಗ ನಿಮ್ಮ ಹುಡುಗಿ, "ನಿಮ್ಮಕ್ಕ ಮೊನ್ನೆ ರಾತ್ರಿನೇ ಅವರ ಫೋನಿಂದ ಉತ್ತರ ಕಳ್ಸಿದ್ದಾರಲ್ಲ ಮೇಡಂ, ಇಬ್ಬರನ್ನೂ ಇನ್ನೊಂದು ಸಂಜೆ ವಿಮಾನಕ್ಕೆ ಹಾಕಿದ್ದೀವಿ" ಎಂದಳು. ಆ ಉತ್ತರವನ್ನು ಓದಿಯೂ ಹೇಳಿದಳು: "ನಸುಕಿಂದು ಬೇಡ. ನಮ್ಮ ಪುಟ್ಟಿ ನಿದ್ದೆಗೆಟ್ರೆ ದಿನವಿಡೀ ತಲೆನೋವು ಅಂತ ಒದ್ದಾಡ್ತಾಳೆ. ಸಂಜೆದೇ ಇರಲಿ."

ನನ್ನನ್ನು ಪುಟ್ಟಿ ಎನ್ನುತ್ತಿದ್ದವಳು ಅವಳೊಬ್ಬಳೇ. ಅವಳ ಫೋನು ಅವಳು ಹೋದಂದಿನಿಂದ ಆಫ್ ಆಗಿ ಬೀರುವಿನಲ್ಲಿದೆ. ಬೀರುವಿನ ಕೀಲಿ ನನ್ನ ಹತ್ತಿರವೇ ಇದೆ.

ನಿಮಗೆ ಚೆನ್ನಾಗಿ ಬೈದು ಬರೆಯಬೇಕೆಂದಿದ್ದೆ. ಈಗ ಆ ಕೋಪವಿಲ್ಲ. ಉತ್ತರ ಕಳಿಸಿದ್ದು ಯಾರೆಂದು ದಯವಿಟ್ಟು ವಿಚಾರಿಸಲು ಹೋಗಬೇಡಿ. ಹಣ ವಾಪಸು ಕೇಳುತ್ತಿಲ್ಲ. ಈ ಪತ್ರ ನೋಡಿ, ಸತ್ತವರ ಟಿಕೆಟೆಂದು ಅವಳದನ್ನು ರದ್ದು ಮಾತ್ರ ಮಾಡಬೇಡಿ. ನನ್ನ ಪಕ್ಕದ ಕಿಟಕಿ ಸೀಟು ಅವಳ ಹೆಸರಿನಲ್ಲೇ ಇರಲಿ.

ಅಕ್ಕ ಹೋದ ಸುದ್ದಿಯನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ನಾನೊಬ್ಬಳೇ ಹೋಗಿ ಹೇಳಲಾರೆ ಎಂಬುದು ಅಕ್ಕನಿಗೆ ಗೊತ್ತು.

ಇಂತಿ,
ಎರಡನೆಯ ಟಿಕೆಟಿನವಳು