ಬೀಗರ ಸ್ವಿಚ್ಚು ಮೊದಲೋ, ನಮ್ಮದೋ

ತೇಲೂರು, ಫಾಲ್ಗುಣದ ನಲವತ್ತನೇ ದಿನ, ೨೨೧೪

ನನ್ನ ಮುತ್ತಜ್ಜಿಯ ಮುತ್ತಜ್ಜಿ ತುಳಸಿಗೆ ಹೊನ್ನಮ್ಮನ ನಮಸ್ಕಾರ. ನಮಸ್ಕಾರವೋ ಆಶೀರ್ವಾದವೋ ತಿಳಿಯುತ್ತಿಲ್ಲ. ನೀನು ಅಲ್ಲಿ ಇಪ್ಪತ್ತಾರರ ಹುಡುಗಿ, ನನಗಿಲ್ಲಿ ಎಪ್ಪತ್ತು ದಾಟಿದೆ. ಏಕವಚನಕ್ಕೆ ಕ್ಷಮಿಸು. ಮಾತು ವಿಚಿತ್ರ ಅನ್ನಿಸಿದರೆ ಅದಕ್ಕೂ ಕ್ಷಮಿಸು, ತಿಂಗಳುಗಳೇ ಉದ್ದವಾಗಿರುವ ಕಾಲವಿದು. ಈ ಕಾಗದ ನಿನ್ನನ್ನು ಹೇಗೆ ಮುಟ್ಟುತ್ತದೋ ಅದೂ ನನಗೆ ಗೊತ್ತಿಲ್ಲ.

ಕಡಲು ಕುಮಟಾ ದಾಟಿ ಬಂದ ಮೇಲೆ ನಾವು ತೆಪ್ಪಕೇರಿಗಳಲ್ಲಿದ್ದೇವೆ. ಅಂದರೆ ಹಗ್ಗದಿಂದ ಒಂದಕ್ಕೊಂದು ಬಿಗಿದ ಮನೆಗಳು. ಉಬ್ಬರ ಬಂದರೆ ಒಲೆಯ ಮೇಲಿನ ಗಂಜಿಯೂ ಒಂದು ಪಕ್ಕಕ್ಕೆ ವಾಲುತ್ತದೆ. ಇಂಥ ಐದು ಕೇರಿಗಳಿವೆ. ಒಂದೊಂದರ ಮಾತಿಗೂ ಬೇರೆ ವಿಎಲ್ಯಾನ್, ನಾವು ಓಣಿ ಅನ್ನುತ್ತೇವೆ. ಒಂದು ಓಣಿಯ ಮಾತು ಇನ್ನೊಂದಕ್ಕೆ ಸೋರಬಾರದೆಂದು ಪ್ರತಿಯೊಂದನ್ನೂ ಅದರದರ ಸುರಂಗದೊಳಗೆ ಹಾಕಿ, ಯಾವುದು ಎಲ್ಲಿಗೆಂದು ತಿಳಿಯಲು ಮೇಲೆ ಎಂಪಿಎಲ್ಎಸ್ ಚೀಟಿ ಅಂಟಿಸಿ, ಎಲ್ಲರಿಗೂ ಸೇರಿದ ಒಂದೇ ತಂತಿಯಲ್ಲಿ ಗಾಳಿಕಟ್ಟೆಗೆ ಕಳಿಸುತ್ತೇವೆ. ಗಾಳಿಕಟ್ಟೆಯವರು ದಡದಲ್ಲಿ ಕೂತು ಬಿರುಗಾಳಿ ನೋಡುವವರು. ಅವರ ಎಚ್ಚರಿಕೆ ದೋಣಿಗಳನ್ನು ಮುಟ್ಟುವುದೂ ಇದೇ ದಾರಿಯಲ್ಲಿ.

ನೀನು ಕೆಲಸ ಮಾಡುವ ದೂರವಾಣಿ ಕೇಂದ್ರದಲ್ಲೂ ಮಾತನ್ನು ಅದರದರ ದಾರಿಗೆ ದಾಟಿಸುವ ಸ್ವಿಚ್ಚು ಜೋಡಿಯಾಗಿಯೇ ಇಡುತ್ತಾರಂತೆ. ಒಂದು ದುಡಿಯುತ್ತದೆ, ಇನ್ನೊಂದು ಕಾಯುತ್ತದೆ, ದುಡಿಯುವುದು ಬಿದ್ದರೆ ಕಾಯುವುದು ಏಳುತ್ತದೆ. ನಮ್ಮಲ್ಲಿ ಜೋಡಿಯನ್ನು ಬೀಗರ ಎರಡು ಮನೆಗಳಲ್ಲಿ ಇಡುವುದು ಪದ್ಧತಿ. ಬೀಗರಾದವರು ಹೇಗೂ ದಿನಾ ವಿಚಾರಿಸಿಕೊಳ್ಳುತ್ತಾರಲ್ಲ. ಈ ವಾರ ಹೊಸ ಜೋಡಿ ಬಂತು. ಅಳಿಯನ ತಾಯಿ ಬೀರಮ್ಮನ ಮುಂದೆ ನಮ್ಮದು ಮೊದಲಾಗುವುದು ಹೇಗೆಂದು ನಾನು ನಮ್ಮದನ್ನು ಕಾಯಲು ಹಚ್ಚಿದೆ. ಹೆಣ್ಣು ಕೊಟ್ಟವರನ್ನು ಹಿಂದೆ ನಿಲ್ಲಿಸಬಾರದೆಂದು ಅವಳೂ ಅದನ್ನೇ ಮಾಡಿದಳು. ಒಂದರ ಉಸಿರು ಇನ್ನೊಂದಕ್ಕೆ ಕೇಳುತ್ತಲೇ ಇತ್ತು. ಅವರಿದ್ದಾರಲ್ಲ ಎಂದು ಎರಡೂ ಸುಮ್ಮನೆ ಕೂತವು. ಐದೂ ಓಣಿ ಮೂಕ. ಗಾಳಿಯ ಸುದ್ದಿ ತಿಳಿಯದೆ ಕಡಲಿಗಿಳಿದ ನನ್ನ ಮಗಳು ಮಾಳು ಒಡೆದ ದೋಣಿಯ ಹಲಗೆ ಹಿಡಿದು ಈಜಿ ಬಂದಳು.

ಬೀರಮ್ಮ ಸೊಸೆಯ ಕಾಲು ತಿಕ್ಕುತ್ತಾ, "ನಿಮ್ಮದೇ ಮೊದಲಿರಲಿ ಬೀಗಿತ್ತಿ, ನಮಗೇನು ಹಿಂದೆ ಕೂತು ಅಭ್ಯಾಸವಿಲ್ಲವೇ" ಎಂದಳು. ಛೇ, ನಿಮ್ಮದೇ ಇರಲಿ ಎಂದೆ. ಮಾಳು ಹಾಸಿಗೆಯಿಂದಲೇ, "ನಿಮ್ಮ ಮರ್ಯಾದೆ ಮುಗಿಯುವಷ್ಟರಲ್ಲಿ ನಾನು ಇನ್ನೊಂದು ಸಲ ಮುಳುಗಿ ಬರುತ್ತೇನೆ" ಎಂದಳು. ಇಬ್ಬರಿಗೂ ನಾಚಿಕೆಯಾಯಿತು. ಈಗ ನನ್ನ ತಲೆ ಇನ್ನಷ್ಟು ಕೆಟ್ಟಿದೆ. ನಾಚಿಕೊಂಡು ಇಬ್ಬರೂ ಒಟ್ಟಿಗೆ ತಂತಮ್ಮದನ್ನೇ ಮೊದಲು ಮಾಡಿಬಿಟ್ಟರೆ? ಆಗ ಒಂದೇ ಮಾತು ಎರಡೂ ಕಡೆಯಿಂದ ಸುತ್ತಿ ಸುತ್ತಿ ಓಣಿಯನ್ನೇ ಕಟ್ಟಿಹಾಕುತ್ತದಂತೆ. ಸಂಜೆಯ ಇಳಿತಕ್ಕೆ ದೋಣಿಗಳು ಮತ್ತೆ ಹೊರಡುತ್ತವೆ.

ಅದಕ್ಕೇ ನಿನ್ನನ್ನು ಕೇಳುತ್ತಿರುವುದು. ಬೀರಮ್ಮನೂ ನಿನ್ನ ಸಂತಾನವೇ, ನೀನು ಹೇಳಿದರೆ ಯಾರಿಗೂ ಮುಖಭಂಗವಿಲ್ಲ. ನಿನ್ನ ಅಡುಗೆಮನೆಯ ಅರೆಯುವ ಕಲ್ಲು ಈಗ ನಮ್ಮಲ್ಲಿದೆ. ಅದರ ತಳದಲ್ಲಿ ಗೀರು ಕೆತ್ತು, ನಮ್ಮದು ಮೊದಲಾದರೆ ಒಂದು, ಬೀಗರದಾದರೆ ಎರಡು. ಕಲ್ಲು ಭಾರ, ಮಗುಚಲು ಬೀರಮ್ಮನನ್ನೂ ಕರೆದಿದ್ದೇನೆ. ಅವಳಿಗೆ ಹತ್ತಿರದ್ದು ಕಾಣಿಸುವುದಿಲ್ಲ. ತಳದಲ್ಲಿ ಏನೂ ಇಲ್ಲದಿದ್ದರೆ ಎರಡು ಗೀರುಗಳಿವೆ ಎಂದುಬಿಡುತ್ತೇನೆ. ನಿನ್ನ ಹೆಸರಲ್ಲಿ ಹೇಳಿದೆನೆಂದು ಬೇಸರ ಮಾಡಿಕೊಳ್ಳಬೇಡ, ತಾಯಿ.

ನಿನ್ನ
ಹೊನ್ನಮ್ಮ